ಮೇಲೇರುವಾಗ ಎಂಜಿನ್ ನಿಂತರೆ ನಿಲ್ದಾಣಕ್ಕೆ ಹಿಂದಿರುಗಲು ಯತ್ನಿಸಬೇಕೆ? 2015ರ ಸಾಂಟಾ ಮೋನಿಕಾ ಅಪಘಾತದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಆಕಾಶವೀಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬಹುಮಂದಿಗೆ ಸಣ್ಣ ವಿಮಾನದ ಅಪಘಾತ ಎಂದೊಡನೆ ನೆನಪಾಗುವುದು 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೇರಿ, ಸ್ವಲ್ಪವೇ ಹೊತ್ತಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು, ನಟಿ ಸೌಂದರ್ಯ ಅವರನ್ನೂ ಜೊತೆಗಿದ್ದ ಮೂವರನ್ನೂ ಬಲಿ ತೆಗೆದುಕೊಂಡ ವಿಮಾನ. ಆ ಘಟನೆಯ ಕಾರಣಗಳನ್ನು ನಾನಿಲ್ಲಿ ಚರ್ಚೆಗೆ ತರುತ್ತಿಲ್ಲ. ಆದರೆ ನೆಲ ಬಿಟ್ಟ ಮೊದಲ ಒಂದೆರಡು ನಿಮಿಷಗಳು ಇಷ್ಟೊಂದು ಅಪಾಯಕಾರಿ ಏಕೆ ಎಂಬ ಕುತೂಹಲ ನನ್ನಲ್ಲಿ ಹುಟ್ಟಿದ್ದು ಅಲ್ಲಿಂದಲೇ.

ಈಚೆಗೆ, ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಅವರು 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತಾವೇ ನಡೆಸುತ್ತಿದ್ದ ವಿಮಾನದೊಂದಿಗೆ ಗಾಲ್ಫ್ ಮೈದಾನದಲ್ಲಿ ಬಿದ್ದು ಬದುಕುಳಿದ ಘಟನೆಯ ತನಿಖೆಯ ವಿವರಗಳನ್ನು ಓದಿದೆ. ವಿಮಾನ 1942ರಲ್ಲಿ ತಯಾರಾದ ರಯಾನ್ ಕಂಪನಿಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಲು ಬಳಸುತ್ತಿದ್ದ, ಮೇಲ್ಚಾವಣಿಯಿಲ್ಲದ, ಒಂದರ ಹಿಂದೊಂದು ಎರಡು ಆಸನಗಳಿರುವ ಮಾದರಿ. ರನ್‌ವೇ 21ರಿಂದ ಸಮುದ್ರದ ಕಡೆಗೆ ಮೇಲೇರಿ ಸಮುದ್ರಮಟ್ಟದಿಂದ ಸುಮಾರು 1,100 ಅಡಿ ತಲುಪುವ ಹೊತ್ತಿಗೆ ಎಂಜಿನ್ ಶಕ್ತಿ ಕಳೆದುಕೊಂಡಿತು. ಫೋರ್ಡ್ ಅವರು ನಿಲ್ದಾಣದ ನಿಯಂತ್ರಣ ಗೋಪುರಕ್ಕೆ ವಿಷಯ ತಿಳಿಸಿ, ಗಂಟೆಗೆ 85 ಮೈಲಿ ವೇಗವನ್ನು ಕಾಯ್ದುಕೊಂಡು, ಎಡಕ್ಕೆ ತಿರುಗಿ ಹಿಂದಿರುಗಲು ಹೊರಟರು. ರನ್‌ವೇ ಎಟುಕುವುದಿಲ್ಲವೆಂದು ಅರಿವಾದಾಗ ಮುಂದಿದ್ದ ಪೆನ್ಮಾರ್ ಗಾಲ್ಫ್ ಮೈದಾನದ ಬಯಲನ್ನು ಆರಿಸಿಕೊಂಡರು. ವಿಮಾನವು 65 ಅಡಿ ಎತ್ತರದ ಮರವೊಂದರ ತುದಿಗೆ ತಗಲಿ ನೆಲಕ್ಕೆ ಬಿತ್ತು. ಆಗ ಅವರಿಗೆ 72 ವರ್ಷ.

ನನಗೆ ಅರ್ಥವಾಗದಿರುವುದು ಎರಡು ಸಂಗತಿ. ಮೇಲೇರುವಾಗ ಎಂಜಿನ್ ಕೈಕೊಟ್ಟರೆ ಹಿಂದಿರುಗಬಾರದು, ನೇರ ಮುಂದಕ್ಕೆ ಇಳಿಯಬೇಕು ಎಂದು ಎಲ್ಲೆಡೆ ಬರೆದಿರುವಾಗ, ತಿರುಗಿದ ಪೈಲಟ್‌ನನ್ನು ಎಲ್ಲರೂ ಹೊಗಳಿದ್ದೇಕೆ? ಮತ್ತು ಎಂಜಿನ್‌ಗೆ ಇಂಧನ ಅತಿಯಾಗಿ ಹರಿದದ್ದರಿಂದ ಅದು ನಿಂತಿತು ಎಂದು ವರದಿ ಹೇಳುತ್ತದೆ. ಪೆಟ್ರೋಲ್ ಕಡಿಮೆಯಾಗಿ ನಿಲ್ಲುವುದು ತಿಳಿದ ವಿಷಯ, ಹೆಚ್ಚಾಗಿ ನಿಲ್ಲುವುದೆಂದರೇನು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಬಾಲರೆಕ್ಕೆ

ನಾನು ಹಾರಾಟ ತರಬೇತಿಯ ಕ್ಷೇತ್ರದಲ್ಲಿ ಕೆಲಸ ಮಾಡಿದವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ.

ಹಿಂದಿರುಗುವುದನ್ನು 180 ಡಿಗ್ರಿಯ ತಿರುವು ಎಂದು ಭಾವಿಸುವುದರಿಂದಲೇ ತಪ್ಪು ಲೆಕ್ಕ ಆರಂಭವಾಗುತ್ತದೆ. ರನ್‌ವೇ 21 ಮತ್ತು ರನ್‌ವೇ 3 ಎಂಬುವು ಒಂದೇ ಪಟ್ಟಿಯ ಎರಡು ತುದಿಗಳು, ಒಂದು 210 ಡಿಗ್ರಿಯ ಕಡೆಗೆ, ಇನ್ನೊಂದು 30 ಡಿಗ್ರಿಯ ಕಡೆಗೆ. ಕಾಗದದ ಮೇಲೆ ಅರ್ಧ ವೃತ್ತ ಬರೆದರೆ ಸಾಕೆನ್ನಿಸುತ್ತದೆ. ಆದರೆ 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ರೆಕ್ಕೆಗಳನ್ನು 30 ಡಿಗ್ರಿ ಓರೆಯಾಗಿಸಿ ತಿರುಗುವ ವಿಮಾನದ ವೃತ್ತದ ತ್ರಿಜ್ಯ ಸುಮಾರು 200 ಮೀಟರ್. ಅರ್ಧ ವೃತ್ತ ಮುಗಿಸಿದಾಗ ವಿಮಾನವು ರನ್‌ವೇಗೆ ಸಮಾನಾಂತರವಾಗಿರುತ್ತದೆ, ಆದರೆ ಅದರಿಂದ ಸುಮಾರು 400 ಮೀಟರ್ ಪಕ್ಕದಲ್ಲಿರುತ್ತದೆ. ರನ್‌ವೇಯ ನೇರಕ್ಕೆ ಬರಬೇಕಾದರೆ ಇನ್ನೂ ಮೂವತ್ತು ನಲವತ್ತು ಡಿಗ್ರಿ ತಿರುಗಿ, ಆಮೇಲೆ ಅಷ್ಟನ್ನೇ ವಿರುದ್ಧ ದಿಕ್ಕಿಗೆ ತಿರುಗಬೇಕು. ಅರ್ಧ ವೃತ್ತಕ್ಕೇ ಸುಮಾರು 19 ಸೆಕೆಂಡು ಬೇಕಾದಾಗ, ಈ ಹೆಚ್ಚುವರಿ ತಿರುವುಗಳು ಸೇರಿ ಮುಕ್ಕಾಲು ನಿಮಿಷದ ಹತ್ತಿರ ಹೋಗುತ್ತದೆ. ಸೆಸ್ನಾ 172ರಂಥ ವಿಮಾನ ಎಂಜಿನ್ ಇಲ್ಲದೆ, ತಿರುಗದೆ ನೇರವಾಗಿ ತೇಲಿದರೂ ನಿಮಿಷಕ್ಕೆ ಸುಮಾರು 700 ಅಡಿ ಕೆಳಗಿಳಿಯುತ್ತದೆ. ತಿರುವಿನಲ್ಲಿ ಇನ್ನೂ ಬೇಗ. ಹಳೆಯ ರಯಾನ್ ಅದಕ್ಕಿಂತಲೂ ಕೆಟ್ಟದಾಗಿ ತೇಲುವ ಜಾತಿಯದು.

ಬೇಗ ತಿರುಗಬೇಕೆಂದು ಓರೆಯನ್ನು 45 ಡಿಗ್ರಿಗೆ ಏರಿಸಿದರೆ ವೃತ್ತ ಚಿಕ್ಕದಾಗುತ್ತದೆ, ನಿಜ. ಆದರೆ ರೆಕ್ಕೆಗಳು ಗಾಳಿಯ ಆಸರೆ ಕಳೆದುಕೊಳ್ಳುವ ವೇಗ, ಅಂದರೆ ನಾವು ಸ್ಟಾಲ್ ಎನ್ನುವುದು, ಶೇಕಡಾ 19ರಷ್ಟು ಮೇಲಕ್ಕೆ ಹೋಗುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಆ ತಿರುವಿನಲ್ಲಿ 60 ನಾಟ್‌ಗೆ ಸ್ಟಾಲ್ ಆಗುತ್ತದೆ. ಕೈಯಲ್ಲಿರುವುದು 65. ಕಣ್ಣೆದುರು ನೆಲ ಏರಿ ಬರುತ್ತಿರುವಾಗ ವಿಮಾನದ ಮೂತಿಯನ್ನು ಎತ್ತುವ ಇಳಿಸುವ ಕಡ್ಡಿಯನ್ನು ತನ್ನ ಕಡೆ ಎಳೆದುಕೊಳ್ಳದ ಮನುಷ್ಯ ಅಪರೂಪ, ಎಳೆದರೆ ಆ ಐದು ನಾಟ್ ಉಳಿಯುವುದಿಲ್ಲ. ಈ ಬಗೆಯ ಅಪಘಾತಗಳಲ್ಲಿ ಸಾವು ಬರುವುದು ಎಂಜಿನ್ ನಿಂತದ್ದರಿಂದಲ್ಲ, ತಿರುವಿನ ನಡುವೆ ಒಂದು ರೆಕ್ಕೆ ಕುಸಿದು ವಿಮಾನ ಮಗುಚಿ ಬೀಳುವುದರಿಂದ.

ಇದರ ಜೊತೆಗೆ ಗಾಳಿಯ ವಿಚಾರವಿದೆ. ವಿಮಾನಗಳು ಸಾಮಾನ್ಯವಾಗಿ ಎದುರುಗಾಳಿಗೆ ಮೇಲೇರುತ್ತವೆ, ಆದ್ದರಿಂದ ಹಿಂದಿರುಗಿದವನಿಗೆ ಸಿಗುವುದು ಬೆನ್ನಗಾಳಿ. 10 ನಾಟ್ ಗಾಳಿಯಿದೆ, ವಿಮಾನ 60 ನಾಟ್ ವೇಗದಲ್ಲಿ ನೆಲ ಮುಟ್ಟುತ್ತದೆ ಎಂದುಕೊಳ್ಳಿ. ನೇರ ಮುಂದಕ್ಕೆ ಇಳಿದವನು ನೆಲವನ್ನು 50 ನಾಟ್‌ನಲ್ಲಿ ಮುಟ್ಟುತ್ತಾನೆ, ತಿರುಗಿದವನು 70 ನಾಟ್‌ನಲ್ಲಿ. ಢಿಕ್ಕಿಯ ಬಲ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಎರಡನೆಯವನ ದೇಹ ತಾಳಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ.

ಹಾಗಾದರೆ ಫೋರ್ಡ್ ಅವರನ್ನು ಹೊಗಳಿದ್ದೇಕೆ? ನನ್ನ ಅಭಿಪ್ರಾಯದಲ್ಲಿ ಅವರು ತಿರುಗಿದ್ದಕ್ಕಲ್ಲ, ತಿರುಗುವ ಯೋಜನೆಯನ್ನು ಸಕಾಲದಲ್ಲಿ ಬಿಟ್ಟಿದ್ದಕ್ಕೆ. ಎಂಜಿನ್‌ನ್ನು ಮತ್ತೆ ಚಾಲೂ ಮಾಡುವ ಪ್ರಯತ್ನದಲ್ಲಿ ಅವರು ಸಮಯ ಕಳೆಯಲಿಲ್ಲ, ವೇಗ ಬೀಳಲು ಬಿಡಲಿಲ್ಲ, ರನ್‌ವೇ ಎಟುಕದೆಂದು ಕಂಡಾಗ ವಿಮಾನದ ಮೂತಿಯನ್ನು ಎತ್ತಿ ಇನ್ನಷ್ಟು ದೂರ ಎಳೆಯಲು ಹೋಗಲಿಲ್ಲ. ಸುತ್ತ ಒತ್ತೊತ್ತಾಗಿ ಮನೆಗಳಿರುವ ಊರಿನಲ್ಲಿ ಇದ್ದೊಂದು ಹಸಿರು ಬಯಲಿಗೆ, ವಿಮಾನ ಇನ್ನೂ ತಮ್ಮ ಹಿಡಿತದಲ್ಲಿರುವಾಗಲೇ ಇಳಿದರು. ಮರ ತಗಲಿದ್ದು ದುರದೃಷ್ಟ. ಆದರೂ ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ, ಮತ್ತು ಮೈದಾನದಲ್ಲಿ ಆಡುತ್ತಿದ್ದವರೇ ಓಡಿಬಂದು ಅವರಿಗೆ ಮೊದಲ ನೆರವು ನೀಡಿದರು.

ಉತ್ತರ: ಹಳೇ ಹ್ಯಾಂಗರ್

ವಿಮಾನಗಳ ದುರಸ್ತಿ ಮತ್ತು ನಿರ್ವಹಣೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಎರಡನೆಯ ಪ್ರಶ್ನೆ ನನ್ನ ಪಾಲಿಗೆ ಬಿಟ್ಟದ್ದಕ್ಕೆ ಮೇಲಿನವರಿಗೆ ವಂದನೆಗಳು.

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಗಾಳಿಯೊಂದಿಗೆ ಬೆರೆತಾಗ ಮಾತ್ರ ಉರಿಯುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಇಂಧನ ಸ್ವಲ್ಪ ಹೆಚ್ಚಾದರೆ ಎಂಜಿನ್ ತಾಳಿಕೊಳ್ಳುತ್ತದೆ, ಪೂರ್ಣಶಕ್ತಿಯಲ್ಲಿ ಮೇಲೇರುವಾಗ ನಾವು ಬೇಕೆಂದೇ ಸ್ವಲ್ಪ ಹೆಚ್ಚು ಕೊಡುತ್ತೇವೆ, ಏಕೆಂದರೆ ಅದರಿಂದ ಸಿಲಿಂಡರ್‌ಗಳು ತಂಪಾಗಿರುತ್ತವೆ. ಆದರೆ ಒಂದು ಹಂತ ದಾಟಿದ ಮೇಲೆ ಕಿಡಿ ಹಾರಿದರೂ ಮಿಶ್ರಣಕ್ಕೆ ಬೆಂಕಿ ಹತ್ತುವುದಿಲ್ಲ. ಬಿಸಿಯಾದ ಮೇಲೂ ಚೋಕ್ ಎಳೆದೇ ಓಡಿಸಿದ ಹಳೆಯ ಸ್ಕೂಟರು ಕಪ್ಪು ಹೊಗೆ ಉಗುಳಿ, ಮುಗ್ಗರಿಸಿ ನಿಂತುಬಿಡುವುದನ್ನು ನೋಡಿದವರಿಗೆ ಇದು ಅರ್ಥವಾದೀತು.

ಈ ಅಳತೆಯನ್ನು ಕಾಯುವುದು, ಇಂಧನವನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರಿನಲ್ಲಿರುವ ಮೇನ್ ಜೆಟ್ ಎಂಬ, ನಡುವೆ ಕರಾರುವಾಕ್ಕಾದ ರಂಧ್ರವಿರುವ, ತಿರುಪಿನಂಥ ಚಿಕ್ಕ ಬಿಡಿಭಾಗ. ಇಂಧನ ಆ ರಂಧ್ರದ ಮೂಲಕವೇ ಹಾದುಹೋಗಬೇಕು, ಬೇರೆ ದಾರಿಯಿರಬಾರದು. ಫೋರ್ಡ್ ಅವರ ವಿಮಾನದಲ್ಲಿ ಈ ಜೆಟ್ ತಾನು ಕೂತ ಜಾಗದಿಂದ ಸಡಿಲಗೊಂಡು, ತಿರುಪು ಬಿಟ್ಟುಕೊಂಡು, 90 ಡಿಗ್ರಿ ಮಗ್ಗುಲಿಗೆ ಹೊರಳಿತ್ತು. ಅಳತೆಯ ರಂಧ್ರದ ಬದಲು ಇಡೀ ಬಾಯಿಯೇ ತೆರೆದುಕೊಂಡಂತಾಗಿ ಇಂಧನ ಎಂಜಿನ್‌ನೊಳಕ್ಕೆ ಲೆಕ್ಕವಿಲ್ಲದೆ ನುಗ್ಗಿತು. ಐದು ಸಿಲಿಂಡರ್‌ನ ಆ ಕಿನ್ನರ್ ಎಂಜಿನ್‌ನ ಬೇರೆ ಯಾವ ಭಾಗವನ್ನೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣವಾಗಿ ಹೆಸರಿಸಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಜೆಟ್ ಅಲ್ಲ, ಅದರ ಸುತ್ತಲಿನ ಕಾಗದಪತ್ರ. ಅಪಘಾತಕ್ಕೆ 17 ವರ್ಷ ಮುಂಚೆ ಈ ವಿಮಾನವನ್ನು ಸಂಪೂರ್ಣವಾಗಿ ಬಿಚ್ಚಿ ಪುನರ್ನಿರ್ಮಿಸಿದಾಗ ಕಾರ್ಬ್ಯುರೇಟರನ್ನೂ ಬಿಚ್ಚಿ ಕಟ್ಟಲಾಗಿತ್ತು. ಅಂದಿನಿಂದ ವಿಮಾನ ಹಾರಿದ್ದು ಸುಮಾರು 170 ಗಂಟೆ ಮಾತ್ರ. ತರಬೇತಿ ಶಾಲೆಯೊಂದರ ವಿಮಾನ ಕೆಲವೇ ತಿಂಗಳಲ್ಲಿ ಹಾರುವ ಗಂಟೆಗಳವು. ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಕಾರ್ಬ್ಯುರೇಟರ್ ಹೊಸದರಂತೆಯೇ ಇದೆ, ವರ್ಷಗಳ ಲೆಕ್ಕದಲ್ಲಿ ನೋಡಿದರೆ ಅದು ಮುದಿಯಾಗಿದೆ. ಮತ್ತು ಜೆಟ್ ಭದ್ರವಾಗಿದೆಯೇ ಎಂದು ಇಂತಿಷ್ಟು ಕಾಲಕ್ಕೊಮ್ಮೆ ಬಿಚ್ಚಿ ನೋಡಬೇಕೆಂದು ಆ ಕಾರ್ಬ್ಯುರೇಟರಿನ ಕೈಪಿಡಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದು ವರ್ಷಗಳುದ್ದಕ್ಕೂ ಎಳೆ ಎಳೆಯಾಗಿ ಸಡಿಲಗೊಂಡಿರಬೇಕೆಂಬುದೇ ತನಿಖೆಯ ಊಹೆ. ಆದ್ದರಿಂದಲೇ ಮಂಡಳಿಯು ನಿರ್ವಹಣಾ ಸೂಚನೆಗಳ ಕೊರತೆಯನ್ನು ಅಪಘಾತಕ್ಕೆ ಪೂರಕವಾದ ಕಾರಣವೆಂದು 2015ರ ಆಗಸ್ಟ್‌ನಲ್ಲಿ ಹೊರಬಂದ ವರದಿಯಲ್ಲಿ ಸೇರಿಸಿತು. ಮೆಕ್ಯಾನಿಕ್ ಪಟ್ಟಿಯಲ್ಲಿರುವುದನ್ನು ತಪಾಸಣೆ ಮಾಡಿ ಸಹಿ ಹಾಕುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದನ್ನು, ಅದೂ ಚೆನ್ನಾಗಿ ಓಡುತ್ತಿರುವ ಎಂಜಿನ್‌ನಲ್ಲಿ, ಬಿಚ್ಚಿ ನೋಡುವ ಧೈರ್ಯವಾಗಲಿ ಅಧಿಕಾರವಾಗಲಿ ಅವನಿಗೆ ಇರುವುದಿಲ್ಲ. ಬಿಚ್ಚುವುದರಿಂದಲೇ ಹೊಸ ದೋಷ ಹುಟ್ಟುವುದನ್ನೂ ನಾವು ಹ್ಯಾಂಗರಿನಲ್ಲಿ ಕಂಡಿದ್ದೇವೆ.

ಪ್ರಶ್ನೆಯಲ್ಲಿ ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಕಾರ್ಬ್ಯುರೇಟರ್ ಇರುವ ವಿಮಾನಗಳಲ್ಲಿ ಇದಕ್ಕಿಂತ ಹೆಚ್ಚು ಸಾಮಾನ್ಯವಾದ ತೊಂದರೆ ಎಂದರೆ ಅದರೊಳಗೆ ಮಂಜುಗಡ್ಡೆ ಕಟ್ಟುವುದು. ಗಾಳಿ ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ಹಾದುಹೋಗುವಾಗ ಮತ್ತು ಪೆಟ್ರೋಲ್ ಆವಿಯಾಗುವಾಗ ಉಷ್ಣಾಂಶ ಇಪ್ಪತ್ತು ಮೂವತ್ತು ಡಿಗ್ರಿಯಷ್ಟು ಕುಸಿಯುತ್ತದೆ. ಆದ್ದರಿಂದ ಹೊರಗೆ 25 ಡಿಗ್ರಿ ಸೆಲ್ಸಿಯಸ್ ಇದ್ದರೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಒಳಗೆ ಮಂಜು ಕಟ್ಟಬಲ್ಲುದು. ಚಳಿ ದೇಶದ ಸಮಸ್ಯೆ ಇದು ಎಂದುಕೊಂಡು ನಮ್ಮ ಮಳೆಗಾಲದಲ್ಲಿ ಕಾರ್ಬ್ಯುರೇಟರ್ ಹೀಟ್, ಅಂದರೆ ಅದರೊಳಕ್ಕೆ ಬಿಸಿಗಾಳಿ ಬಿಡುವ ವ್ಯವಸ್ಥೆಯನ್ನು ಮರೆಯುವವರಿದ್ದಾರೆ.

ಆಕಾಶವೀಕ್ಷಕ

ಇಬ್ಬರಿಗೂ ಧನ್ಯವಾದಗಳು. ಬಾಲರೆಕ್ಕೆಯವರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ, 400 ಮೀಟರ್ ಪಕ್ಕಕ್ಕೆ ಹೋಗುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಸಂದೇಹಗಳಿವೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಈ ಲೆಕ್ಕ ಬದಲಾಗುತ್ತದೆಯೇ? ಹಾಗೆಯೇ, ಫೋರ್ಡ್ ಅವರ ಸೊಂಟದ ಮತ್ತು ಕಾಲಿನ ಮೂಳೆಗಳು ಮುರಿದು ತಲೆಗೆ ಪೆಟ್ಟು ಬೀಳಲು ಭುಜದ ಪಟ್ಟಿಯನ್ನು ಸರಿಯಾಗಿ ಅಳವಡಿಸದೆ ಇದ್ದದ್ದೂ ಕಾರಣವೆಂದು ವರದಿಯಲ್ಲಿದೆ. ಪಟ್ಟಿ ಇದ್ದೂ ಉಪಯೋಗಕ್ಕೆ ಬಾರದಿರುವುದು ಹೇಗೆ?

ಉತ್ತರ: ಗಿರಿಗಾಳಿ

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ, ಜೊತೆಗೆ ಬಾಲರೆಕ್ಕೆಯವರ ಬರಹಕ್ಕೆ ಸಣ್ಣದೊಂದು ತಕರಾರನ್ನೂ ದಾಖಲಿಸುತ್ತೇನೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಸಾಮಾನ್ಯ ಪಿಸ್ಟನ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಜಕ್ಕೂರಿನಲ್ಲಿ ವಿಮಾನ ಚಕ್ರ ಎತ್ತುವ ಮುನ್ನವೇ ಸುಮಾರು ಹತ್ತನೇ ಒಂದು ಭಾಗ ಹೋಗಿರುತ್ತದೆ, ಬೇಸಿಗೆಯ ಮಧ್ಯಾಹ್ನ ಇನ್ನೂ ಹೆಚ್ಚು. ವಿಮಾನ ನಿಧಾನವಾಗಿ ಮೇಲೇರುವ ಕಾರಣ, ಅದೇ ಎತ್ತರ ತಲುಪುವಷ್ಟರಲ್ಲಿ ರನ್‌ವೇಯಿಂದ ಹೆಚ್ಚು ದೂರ ಸಾಗಿರುತ್ತದೆ. ಗಾಳಿ ತೆಳುವಾಗಿರುವುದರಿಂದ ಮೀಟರಿನಲ್ಲಿ 65 ನಾಟ್ ಕಂಡರೂ ನಿಜವಾದ ವೇಗ ಅದಕ್ಕಿಂತ ಜಾಸ್ತಿ, ಹಾಗಾಗಿ ತಿರುವಿನ ವೃತ್ತವೂ ದೊಡ್ಡದು. ಸಾಂಟಾ ಮೋನಿಕಾದ ಕಡಲತೀರದಲ್ಲಿ ಸಾಧ್ಯವಾಗದ್ದು ಇಲ್ಲಿ ಇನ್ನೂ ಕಷ್ಟ. ಮೇಲಾಗಿ ಜಕ್ಕೂರಿನ ಸುತ್ತ ಹಿಂದೆ ಹೊಲಗಳಿದ್ದಲ್ಲಿ ಈಗ ಬಡಾವಣೆಗಳೂ ಅಪಾರ್ಟ್‌ಮೆಂಟ್‌ಗಳೂ ಎದ್ದಿವೆ. ನೇರ ಮುಂದಕ್ಕೆ ಇಳಿ ಎಂಬ ಉಪದೇಶಕ್ಕೆ ಇಳಿಯಲು ಜಾಗವೂ ಬೇಕಲ್ಲವೇ? ಜಾಗವಿದ್ದರೆ ಫಲಿತಾಂಶ ಹೇಗಿರುತ್ತದೆ ಎಂಬುದಕ್ಕೆ 2023ರ ಮೇ 30ರಂದು ಬೆಳಗಾವಿಯಲ್ಲಿ ನಡೆದದ್ದನ್ನು ನೋಡಬಹುದು: ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನದಲ್ಲಿ ತಾಂತ್ರಿಕ ದೋಷ ಕಾಣಿಸಿಕೊಂಡಾಗ ಅದನ್ನು ಹೊನ್ನಿಹಾಳದ ಬಳಿ ಹೊಲವೊಂದಕ್ಕೆ ಇಳಿಸಲಾಯಿತು, ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ಈಗ ತಕರಾರು. ಹಿಂದಿರುಗಲೇಬಾರದು ಎಂಬುದನ್ನು ಮಂತ್ರದಂತೆ ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವೂ ಈಚಿನ ವರ್ಷಗಳಲ್ಲಿ, ಯಾವ ಎತ್ತರದ ಮೇಲೆ ತಿರುಗುವುದು ಸಾಧ್ಯ ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸುವಂತೆ ಬೋಧಕರಿಗೆ ಸಲಹೆ ನೀಡಿದೆ. ಮೂರು ನಾಲ್ಕು ಸಾವಿರ ಅಡಿ ಎತ್ತರದಲ್ಲಿ, ಬೋಧಕರೊಡನೆ, ಮೇಲೇರುವ ಭಂಗಿಯಲ್ಲಿ ಥ್ರಾಟಲ್ ಮುಚ್ಚಿ, ಅಂದರೆ ಎಂಜಿನ್ ಶಕ್ತಿಯನ್ನು ಪೂರ್ತಿ ತಗ್ಗಿಸಿ, ನಾಲ್ಕೈದು ಸೆಕೆಂಡು ಬೇಕೆಂದೇ ಸುಮ್ಮನಿದ್ದು, ಆಮೇಲೆ ತಿರುಗಿ, ಎಷ್ಟು ಅಡಿ ಕಳೆದುಕೊಂಡೆ ಎಂದು ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಅರ್ಧದಷ್ಟನ್ನು ಸೇರಿಸಿದರೆ ಆ ಪೈಲಟ್‌ಗೆ, ಆ ವಿಮಾನಕ್ಕೆ ಹೊಂದುವ ಒಂದು ಸಂಖ್ಯೆ ಸಿಗುತ್ತದೆ. ಹೊರಡುವ ಮುನ್ನ ಅದನ್ನು ಬಾಯಿಬಿಟ್ಟು ಹೇಳಿಕೊಂಡರೆ, ಅದಕ್ಕಿಂತ ಕೆಳಗೆ ಎಂಜಿನ್ ನಿಂತಾಗ ಯೋಚನೆಗೆ ಅವಕಾಶವೇ ಉಳಿಯುವುದಿಲ್ಲ, ಮುಂದಕ್ಕೇ ಇಳಿಯುವುದು. ಸುಮ್ಮನಿರಬೇಕಾದ ಆ ಸೆಕೆಂಡುಗಳನ್ನು ಯಾರೂ ತಮಾಷೆಯೆಂದು ತಿಳಿಯಬಾರದು. 2009ರಲ್ಲಿ ಹಡ್ಸನ್ ನದಿಗೆ ಇಳಿದ ದೊಡ್ಡ ವಿಮಾನದ ಪ್ರಕರಣದಲ್ಲೂ, ತಕ್ಷಣ ತಿರುಗಿದರೆ ನಿಲ್ದಾಣ ತಲುಪಬಹುದಿತ್ತೆಂದು ಸಿಮ್ಯುಲೇಟರ್‌ನಲ್ಲಿ ತೋರಿದ ಮೇಲೆ, ಮನುಷ್ಯರು ಪರಿಸ್ಥಿತಿ ಅರಿತು ನಿರ್ಧರಿಸಲು ಬೇಕಾದ 35 ಸೆಕೆಂಡುಗಳನ್ನು ಸೇರಿಸಿ ನೋಡಿದಾಗ ವಿಮಾನ ರನ್‌ವೇ ಮುಟ್ಟಲಿಲ್ಲ.

ಉತ್ತರ: ಬಾಲರೆಕ್ಕೆ

ಗಿರಿಗಾಳಿಯವರ ತಕರಾರನ್ನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಆ ಸಂಖ್ಯೆ ಅಭ್ಯಾಸ ಮಾಡಿದವರಿಗೆ ಮಾತ್ರ ಸಲ್ಲುತ್ತದೆ. ಪುಸ್ತಕದಲ್ಲಿ ಓದಿಕೊಂಡು, ನನ್ನ ಸಂಖ್ಯೆ 800 ಅಡಿ ಎಂದು ನಂಬಿದ ವಿದ್ಯಾರ್ಥಿಗೆ ಏನೂ ತಿಳಿಯದವನಿಗಿಂತ ಹೆಚ್ಚು ಅಪಾಯವಿದೆ.

ಉತ್ತರ: ಹಳೇ ಹ್ಯಾಂಗರ್

ಭುಜದ ಪಟ್ಟಿಯ ವಿಷಯ ಬಾಕಿ ಇದೆ. 1942ರಲ್ಲಿ ಕಾರ್ಖಾನೆಯಿಂದ ಹೊರಬಂದಾಗ ಈ ವಿಮಾನಕ್ಕೆ ಭುಜದ ಪಟ್ಟಿಯೇ ಇರಲಿಲ್ಲ, ಸೊಂಟದ ಪಟ್ಟಿ ಮಾತ್ರ. ಅಮೆರಿಕದಲ್ಲಿ ಸಣ್ಣ ವಿಮಾನಗಳ ಮುಂದಿನ ಆಸನಗಳಿಗೆ ಭುಜದ ಪಟ್ಟಿ ಕಡ್ಡಾಯವಾದದ್ದು 1978ರ ಜುಲೈ 18ರ ನಂತರ ತಯಾರಾದವಕ್ಕೆ, ಹಳೆಯವಕ್ಕೆ ವಿನಾಯಿತಿಯಿದೆ. ಹಾಗಾಗಿ ಪುನರ್ನಿರ್ಮಾಣದ ಹೊತ್ತಿನಲ್ಲಿ ಯಾರೋ ಒಳ್ಳೆಯ ಉದ್ದೇಶದಿಂದಲೇ ಅದನ್ನು ಸೇರಿಸಿದ್ದಿರಬೇಕು. ಆದರೆ ಅದನ್ನು ಬಿಗಿದದ್ದು ಆಸನದ ಬೆನ್ನಿನ ಕೆಳಭಾಗದ ತೆಳು ತಗಡಿಗೆ, ಆ ತಗಡನ್ನು ಹಿಂದಿನಿಂದ ಬಲಪಡಿಸಲು ಏನನ್ನೂ ಕೊಡದೆ. ನೆಲಕ್ಕೆ ಬಡಿದಾಗ ಮನುಷ್ಯನ ಮೈಭಾರ ಹಲವು ಪಟ್ಟಾಗಿ ಮುಂದಕ್ಕೆ ಎಳೆಯುತ್ತದೆ. ಆಗ ಬೋಲ್ಟುಗಳು ತಗಡನ್ನು ಹರಿದುಕೊಂಡು ಹೊರಬಂದವು. ಪಟ್ಟಿ ಹರಿಯಲಿಲ್ಲ, ಬಕಲ್ ಬಿಚ್ಚಲಿಲ್ಲ, ಕಟ್ಟಿದ ಜಾಗವೇ ಕಿತ್ತುಬಂತು.

ಹಳೆಯ ವಿಮಾನವೊಂದರಲ್ಲಿ ಕೂರುವ ಅವಕಾಶ ಯಾರಿಗಾದರೂ ಒದಗಿದರೆ, ಪಟ್ಟಿಯನ್ನು ಎಳೆದು ನೋಡಿ ಸುಮ್ಮನಾಗದೆ ಅದರ ಇನ್ನೊಂದು ತುದಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳಿ. ಅದು ವಿಮಾನದ ಮೂಲ ಚೌಕಟ್ಟಿನ ಕೊಳವೆಗೆ ಸೇರಿದ್ದರೆ ಸರಿ, ಆಸನದ ತಗಡಿಗೆ ಸೇರಿದ್ದರೆ ಹಿಂದೆ ಬಲಪಡಿಸಿದ್ದಾರೆಯೇ ಎಂದೂ, ಆ ಬದಲಾವಣೆಗೆ ಅನುಮೋದನೆಯ ದಾಖಲೆ ಲಾಗ್‌ಬುಕ್‌ನಲ್ಲಿ ಇದೆಯೇ ಎಂದೂ ಕೇಳಬೇಕು. ಮಾಲೀಕರು ಬೇಸರಪಟ್ಟುಕೊಂಡರೂ ಅಡ್ಡಿಯಿಲ್ಲ.